ಗಂಡುಗುದುರೆ ಹುಡುಕಿಕೊಂಡು

ಅಮ್ಮ ಮದುವೆಯಾಗಿ ಬಂದಾಗ ತವರಿನವರು ಅವಳ ಜೊತೆ ಒಂದು ಹೆಣ್ಣುಗುದುರೆ ಕಳಿಸಿದ್ದರು. ಅವಳ ಊರು ಧರ್ಮಪುರದ ಆಚೆ, ನಾಲ್ಕು ಹೊಲ ದಾಟಿದರೆ ಆಂಧ್ರ. ನಮ್ಮದು ಹೊಸದುರ್ಗದ ಕಡೆಯ ಕುರಿ ಸಾಕುವ ಮನೆ. ಚಳಿ ಮುಗಿಯುತ್ತಲೇ ಮಂದೆ ಹೊಡೆದುಕೊಂಡು ಊರೂರು ಅಲೆಯುವವರಿಗೆ ಕುದುರೆಯಿಲ್ಲದೆ ನಡೆಯುತ್ತಿರಲಿಲ್ಲ. ಪಾತ್ರೆ, ರಾಗಿಹಿಟ್ಟು, ಕಂಬಳಿ, ಕುರಿ ಕೂಡುವ ಬಲೆ, ಹಾದಿಯಲ್ಲಿ ಹುಟ್ಟಿದ ಮರಿ, ನಡೆಯಲಾರದ ಮಗು, ಎಲ್ಲವೂ ಅದರ ಬೆನ್ನಿಗೆ. ಎತ್ತರದ ಕುದುರೆಯೇನಲ್ಲ. ಅಪ್ಪನ ಎದೆಮಟ್ಟಕ್ಕೆ ಬರುತ್ತಿತ್ತು, ಬಣ್ಣ ಒಣಗಿದ ರಾಗಿ ಹುಲ್ಲಿನದು.

ನಾನು ನಡೆಯಲು ಕಲಿಯುವ ಮೊದಲೇ ಆ ಕುದುರೆಯ ಮೇಲೆ ಊರು ಸುತ್ತಿದವಳು. ಬೆನ್ನಿನ ಎರಡೂ ಕಡೆ ಜೋತುಬೀಳುವ ಹಸುಬೆಯ ಒಂದು ಚೀಲದಲ್ಲಿ ನಾನು, ತೂಕ ಸಮವಾಗಲೆಂದು ಇನ್ನೊಂದರಲ್ಲಿ ಎರಡು ಕುರಿಮರಿ. ನಾನು ಬೆಳೆದಂತೆಲ್ಲ ಆ ಕಡೆ ಒಂದೊಂದು ಮರಿ ಹೆಚ್ಚು ತುಂಬುತ್ತಿದ್ದರಂತೆ. ನಾಲ್ಕು ಮರಿಯಾದ ವರ್ಷ ಅಪ್ಪ ನನ್ನನ್ನು ಇಳಿಸಿ, "ಇನ್ನು ನಡಿಯವ್ವ, ಪಾಪ, ಅದ್ಕೂ ಜೀವ ಐತೆ" ಎಂದನಂತೆ.

ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಇನ್ನೂ ಸಣ್ಣ ಶಾಲೆಯಲ್ಲಿದ್ದಾಗ, ಬೇಸಿಗೆ ರಜೆಗೆ ಮಂದೆಯ ಜೊತೆ ಹೋಗುತ್ತಿದ್ದೆ. ಮಾರಿಕಣಿವೆಯ ಕೆಳಗಿನ ಬಯಲಿನಲ್ಲಿ ಬೇರೆ ಬೇರೆ ಊರಿನ ಮಂದೆಗಳು ಕೂಡುತ್ತಿದ್ದವು. ಒಂದೊಂದು ಮಂದೆಗೆ ಎರಡು ಮೂರು ಕುದುರೆ. ಕುರಿಗಳನ್ನು ಗಂಡಸರು ಎಣಿಸಿದರೆ ಕುದುರೆಗಳನ್ನು ಅಮ್ಮ ಎಣಿಸುತ್ತಿದ್ದಳು, ಅದೂ ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು. ಅವಳಿಗೆ ಲೆಕ್ಕಕ್ಕಿಂತ ಸಂಬಂಧ ಮುಖ್ಯ. "ಅದೋ, ಆ ಬಿಳೀ ಕಾಲಿಂದು ನೋಡು, ನಮ್ಮದರ ಮೊಮ್ಮಗಳು. ಈ ಕಡೇದು ಅದರ ಚಿಕ್ಕವ್ವ" ಎಂದು ತೋರಿಸುತ್ತಿದ್ದಳು. ನನಗೆ ನನ್ನ ಚಿಕ್ಕಮ್ಮಂದಿರ ಮುಖಕ್ಕಿಂತ ಆ ಕುದುರೆಗಳ ಮುಖಗಳೇ ಹೆಚ್ಚು ಗೊತ್ತಿದ್ದವು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಮಂದೆಯ ಜೊತೆ ಹಿರಿಯೂರಿನ ಕಡೆ ಇದ್ದಾಗ ಕಾಮಾಲೆಯಾಯಿತು. ಯಾರೋ ಸೊಪ್ಪಿನ ಔಷಧ ಕೊಟ್ಟರು, ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಣ್ಣು ಪೂರ್ತಿ ಹಳದಿಯಾಗಿತ್ತು. ನಾನು, ಅಣ್ಣ ಬಸ್ಸಿನಲ್ಲಿ ಹೋಗಿ ನೋಡಿದೆವು. ಆಗ ಮನೆಯ ಕುದುರೆ ತುಂಬಿದ ಗಬ್ಬ. ಅಮ್ಮ ಅಪ್ಪನಿಗೆ ಹೇಳಿದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಇಷ್ಟೇ: "ಅದರ ಮೇಲೆ ಭಾರ ಹಾಕಬ್ಯಾಡ. ಮಾತು ಬರಲ್ಲ ಅದ್ಕೆ." ಅವಳು ಹೋದ ತಿಂಗಳಿಗೆ ಕುದುರೆ ಮರಿ ಹಾಕಿತು. ಹೆಣ್ಣು. ಅದೇ ರಾಗಿ ಹುಲ್ಲಿನ ಬಣ್ಣ. ಅಪ್ಪ ಅದನ್ನು ಎತ್ತಿ ತಂದು ಒಳಮನೆಯ ಬಾಗಿಲಲ್ಲಿ ಇಳಿಸಿದ. ಅದರ ಕಾಲು ನಡುಗುತ್ತಿದ್ದವು. ಆ ಮರಿಯ ಕಥೆಯನ್ನೇ ನಾನೀಗ ಹೇಳುತ್ತಿರುವುದು.

ಮರಿ ಬೆಳೆಯಿತು. ತಾಯಿ ಕುದುರೆ ಎರಡು ವರ್ಷ ಇದ್ದು ಸತ್ತಿತು. ಆ ಹೊತ್ತಿಗೆ ಸುತ್ತಲಿನ ಮಂದೆಗಳಲ್ಲಿ ಕುದುರೆ ಕಡಿಮೆಯಾಗುತ್ತಿದ್ದವು. ಒಂದೇ ಸಲಕ್ಕೆ ಆದದ್ದಲ್ಲ ಅದು. ಈ ವರ್ಷ ಒಬ್ಬರು ಮಾರಿದರು, ಮುಂದಿನ ವರ್ಷ ಇನ್ನೊಬ್ಬರದು ಮುದಿಯಾಗಿ ಸತ್ತಿತು, ಅವರು ಬೇರೆ ತರಲಿಲ್ಲ. ಸಾಮಾನಿಗೆ ಲಗೇಜ್ ಟೆಂಪೋ ಬಂತು. ಬೆಳಿಗ್ಗೆ ಹೇರಿದರೆ ಮಧ್ಯಾಹ್ನಕ್ಕೆ ಮುಂದಿನ ಬೀಡಿನಲ್ಲಿ ಇಳಿಸುತ್ತದೆ. ಮೇವು ಕೇಳುವುದಿಲ್ಲ, ಕಳ್ಳೆಕಾಯಿ ಹೊಲಕ್ಕೆ ನುಗ್ಗಿ ಜಗಳ ತರುವುದಿಲ್ಲ. ನನ್ನ ಅಣ್ಣನೂ ಒಂದು ಹಳೆಯ ಟೆಂಪೋ ಕೊಂಡ. ಅಪ್ಪ ಬೇಡವೆನ್ನಲಿಲ್ಲ. ಮೂಟೆಗಳನ್ನು ಟೆಂಪೋಗೆ ಹಾಕಿ, ತನ್ನ ಕಂಬಳಿ ಮತ್ತು ತಪಲೆಯನ್ನು ಮಾತ್ರ ಕುದುರೆಯ ಮೇಲಿಟ್ಟು ನಡೆದುಕೊಂಡು ಹೋಗುತ್ತಿದ್ದ.

ಕುದುರೆಗೆ ಮರಿ ಬೇಕಾದರೆ ಗಂಡು ತೋರಿಸಬೇಕು. ಅದಕ್ಕೊಬ್ಬರಿದ್ದರು. ಮೊದಲ ಮಳೆ ಬಿದ್ದು ಮಂದೆಗಳೆಲ್ಲ ಊರಿಗೆ ಮರಳಿದ ಮೇಲೆ, ಪ್ರತಿ ವರ್ಷ ಒಬ್ಬ ಮನುಷ್ಯ ಕೆಂಪು ಗಂಡುಗುದುರೆ ಹಿಡಿದುಕೊಂಡು ಊರಿಂದೂರಿಗೆ ಬರುತ್ತಿದ್ದ. ಹೆಣ್ಣುಗುದುರೆ ಇರುವ ಮನೆಗಳು ಅವನಿಗೆ ಗೊತ್ತು. ಬೆದೆಗೆ ಬಂದಿದ್ದರೆ ಎರಡು ದಿನ ನಿಲ್ಲುತ್ತಿದ್ದ, ಊಟ ಮಾಡಿ ಹೊರಡುತ್ತಿದ್ದ. ನಮ್ಮ ಮರಿಗೆ ನಾಲ್ಕು ತುಂಬಿದ ವರ್ಷ ಅಪ್ಪ ಅವನ ದಾರಿ ಕಾಯುತ್ತಿದ್ದ. "ಈ ವರ್ಷ ತೋರಿಸಬೌದು. ಮೈ ಕೂಡೈತೆ" ಎನ್ನುತ್ತಿದ್ದ.

ಅವನು ಬಂದ. ಬಂದದ್ದು ಅಪ್ಪನಿಗೆ ಗೊತ್ತಾಗಲಿಲ್ಲ.

ಆಗ ನಾನು ಸಿರಿಗೆರೆಯಲ್ಲಿ ಪಿಯುಸಿ ಮುಗಿಸಿ, ಶಿಕ್ಷಕರ ತರಬೇತಿಗೆ ಅಲ್ಲೇ ಹಾಸ್ಟೆಲಿಗೆ ಮರಳುವವಳಿದ್ದೆ. ಆ ರಜೆಯಲ್ಲಿ ಇಬ್ಬರು ಗೆಳತಿಯರು ನಮ್ಮ ಮನೆ ನೋಡಬೇಕೆಂದು ಬಂದಿದ್ದರು. ಇಬ್ಬರೂ ಚಿತ್ರದುರ್ಗ ಪೇಟೆಯವರು, ಇಸ್ತ್ರಿ ಮಾಡಿದ ಚೂಡಿದಾರ್ ಹಾಕುವವರು. ನಮ್ಮ ಮನೆ ಊರ ಹೊರಗೆ ಹೊಲದಲ್ಲಿ, ಹತ್ತಿರದಲ್ಲಿ ಬೇರೆ ಮನೆಯಿಲ್ಲ. ಅಪ್ಪ, ಅಣ್ಣ ಕುರಿ ಹೊಡೆದುಕೊಂಡು ಹೋಗಿದ್ದರು. ಗೆಳತಿಯರಿಗೆ ಮಂಡಕ್ಕಿ ಕಲಸಿ ಕೊಡುತ್ತಿದ್ದೆ. ಅಷ್ಟರಲ್ಲಿ ದೂರದಿಂದ ಕುದುರೆ ಕೆನೆಯುವ ಸದ್ದು. ಹಿತ್ತಿಲಲ್ಲಿ ಕಟ್ಟಿದ್ದ ನಮ್ಮದು ಕಿವಿ ನೆಟ್ಟಗೆ ಮಾಡಿ ತಾನೂ ಕೆನೆಯಿತು. ಆ ಬೆಳಿಗ್ಗೆಯಷ್ಟೇ ಬೆದೆಗೆ ಬಂದಿತ್ತು. ಹಗ್ಗ ಜಗ್ಗಿ ಸುತ್ತು ಹಾಕತೊಡಗಿತು.

ಆ ಮನುಷ್ಯ ಬೇಲಿಯ ಹತ್ತಿರ ಬಂದು ನಿಂತ. ಅವನ ಕೈಯಲ್ಲಿ ಕೆಂಪು ಕುದುರೆ ಎರಡು ಕಾಲಿನ ಮೇಲೆ ಏಳುತ್ತಿತ್ತು. "ಯಜಮಾನ್ರು ಅದಾರೇನವ್ವ? ಕುದ್ರೆ ಬೆದೆಗೆ ಬಂದಂಗೈತೆ" ಎಂದು ದೊಡ್ಡ ದನಿಯಲ್ಲಿ ಕೂಗಿದ. ಗಂಡುಗುದುರೆಯ ಸ್ಥಿತಿ ಯಾರ ಕಣ್ಣಿಗಾದರೂ ಬೀಳುವಂತಿತ್ತು. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ದುಪಟ್ಟಾದಲ್ಲಿ ಬಾಯಿ ಮುಚ್ಚಿ ನಗತೊಡಗಿದರು. ನನಗೆ ಭೂಮಿಯೊಳಗೆ ಹೋಗುವಂತಾಯಿತು. ನಾಳೆ ಹಾಸ್ಟೆಲಿನಲ್ಲಿ ಇದನ್ನು ಯಾರ್ಯಾರಿಗೆ ಹೇಳುತ್ತಾರೋ ಎಂದಷ್ಟೇ ತಲೆಗೆ ಬಂತು. ನಾನು ಬೇಲಿಯವರೆಗೆ ಓಡಿಹೋಗಿ ಹೇಳಿದೆ:

"ನಮ್ ಕುದ್ರೆ ಗಬ್ಬ ಆಗೈತೆ. ಬ್ಯಾಡ, ಹೋಗ್ರಿ."

ಅವನು ಹಿತ್ತಿಲ ಕಡೆ ನೋಡಿದ. ಕುದುರೆಗಳನ್ನೇ ನೋಡಿಕೊಂಡು ಬಾಳಿದವನಿಗೆ ಗೊತ್ತಾಗದೆ ಇರುತ್ತದೆಯೇ. ಆದರೂ "ಒಂದು ಚೊಂಬು ನೀರು ಕೊಡವ್ವ" ಎಂದ. ಕೊಟ್ಟೆ. ಅರ್ಧ ಕುಡಿದು ಇನ್ನರ್ಧವನ್ನು ಅಂಗೈಯಲ್ಲಿ ಹಿಡಿದು ಕುದುರೆಯ ಮೂತಿಗೆ ಒಡ್ಡಿದ. ಹೊರಟುಹೋದ. ನಮ್ಮ ಕುದುರೆ ಸಂಜೆಯವರೆಗೂ ಆ ದಾರಿಯ ಕಡೆಗೇ ಮುಖಮಾಡಿ ನಿಂತಿತ್ತು. ಅಪ್ಪ ಬಂದು "ಯಾಕೆ ಹಿಂಗೈತೆ ಇದು?" ಎಂದು ಕೇಳಿದಾಗ ನಾನು ಗೊತ್ತಿಲ್ಲ ಎಂದೆ. ಮುಂದಿನ ವರ್ಷ ಬಂದೇ ಬರುತ್ತಾನಲ್ಲ ಎಂದು ನನ್ನ ಮನಸ್ಸಿನಲ್ಲಿತ್ತು.

ಮುಂದಿನ ವರ್ಷ ಅವನು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. "ಎಲ್ಲಿ ಹೋದನೋ ಪುಣ್ಯಾತ್ಮ, ಇದು ಮೂರನೇ ವರ್ಷ" ಎಂದು ಅಪ್ಪ ದಾರಿ ನೋಡುತ್ತಿದ್ದ. ಎರಡು ವರ್ಷ ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

ಆ ವರ್ಷ ಮಳೆ ಶುರುವಾದಾಗ ಕುದುರೆ ಬೆದೆಗೆ ಬಂತು. ಅಪ್ಪ ಬೆಳಿಗ್ಗೆಯೇ ಹೇಳಿದ: "ಇನ್ನು ಕಾದ್ರೆ ಆಗಾಕಿಲ್ಲ. ನಾವೇ ಹುಡುಕ್ಕಂಡು ಹೋಗಾಣ. ನಿಮ್ಮವ್ವನ ಕುದ್ರೆ ವಂಶ ಇದೊಂದೇ ಉಳಿದಿರೋದು." ಬೆದೆ ಐದಾರು ದಿನ ಇರುತ್ತದೆ, ಅಷ್ಟರಲ್ಲಿ ಎಲ್ಲಾದರೂ ಒಂದು ಗಂಡು ಸಿಗಬೇಕು. ಅಣ್ಣ ಮಂದೆಯ ಜೊತೆಗಿದ್ದ. ನಾನು ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಕಾಯುತ್ತ ಮನೆಯಲ್ಲಿದ್ದೆ. ಬೆದೆಯ ಕುದುರೆಯನ್ನು ದಾರಿಯಲ್ಲಿ ಒಬ್ಬರೇ ಹಿಡಿಯುವುದು ಕಷ್ಟ. "ನಾನೂ ಬರ್ತೀನಿ" ಎಂದೆ. ಅಪ್ಪನಿಗೆ ಖುಷಿಯಾಯಿತು. ಅವನ ಖುಷಿ ನೋಡಿ ನನಗೆ ಇನ್ನಷ್ಟು ಸಂಕಟ.

ಮೊದಲ ದಿನ ರಾಮಗಿರಿ. ಬೆಟ್ಟದ ಕೆಳಗಿನ ಒಂದು ಹಟ್ಟಿಯಲ್ಲಿ ಅಪ್ಪನಿಗೆ ಗೊತ್ತಿದ್ದ ಕುರಿಯವರ ಮುದುಕನಿದ್ದ. ಅವನ ಮನೆಯಲ್ಲಿ ಯಾವಾಗಲೂ ಗಂಡುಗುದುರೆ ಇರುತ್ತಿತ್ತಂತೆ. ಮುದುಕ ಅಪ್ಪನನ್ನು ಕಂಡು ಅತ್ತೇಬಿಟ್ಟ. "ಬರ್ರಿ, ಕುಂತ್ಕಳ್ರಿ. ಕುದ್ರೆ ಎಲ್ಲಿ ಐತಪ್ಪ ಈಗ? ಹುಡುಗ್ರು ಮಾರಿಬಿಟ್ರು. ಮೊಪೆಡ್ ತಂದವ್ರೆ. ಕುರಿ ಕಾಯಾಕೂ ಅದ್ರಾಗೇ ಹೋಗ್ತಾವೆ" ಎಂದ. ನಮ್ಮ ಕುದುರೆಯ ಹಣೆ ಸವರಿ, ಅದರ ಹಲ್ಲು ನೋಡಿ, "ಒಳ್ಳೇ ಕುದ್ರೆ. ಬೇಗ ತೋರ್ಸು" ಎಂದ. ಹೊರಡುವಾಗ ರೈಲು ನಿಲ್ದಾಣದವರೆಗೂ ನಮ್ಮ ಜೊತೆ ನಡೆದು ಬಂದ.

ಎರಡನೆಯ ದಿನ ಹೊಳಲ್ಕೆರೆ. ಅಲ್ಲಿ ದನದ ಆಸ್ಪತ್ರೆಯ ಡಾಕ್ಟರನ್ನು ಕೇಳಿದರೆ ತಿಳಿಯಬಹುದೆಂದು ನಾನು ಅಂದೆ. ಒಳ್ಳೆಯ ಮನುಷ್ಯ. ಹಸುಗಳ ಸಾಲು ಬಿಟ್ಟು ಎದ್ದು ಬಂದು ಕುದುರೆಯನ್ನು ನೋಡಿದರು. "ದನಕ್ಕಾದರೆ ಗಬ್ಬದ ಸೂಜಿ ಹಾಕಿ ಕಳಿಸ್ತೀವಿ. ಕುದುರೆಗೆ ಅದು ನಮ್ಮ ಹತ್ರ ಇಲ್ಲ. ಕುದುರೆ ಸಾಕೋ ಫಾರಂ ಇದೆ, ಆದ್ರೆ ದೂರ, ಅಲ್ಲಿರೋವು ರೇಸಿನವು, ನಿಮ್ಮನ್ನ ಒಳಗೆ ಬಿಡಲ್ಲ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ನಾನು ಈ ತಾಲ್ಲೂಕಿಗೆ ಬಂದು ನಾಲ್ಕು ವರ್ಷ ಆಯ್ತು. ಕುದುರೆ ಹಿಡ್ಕೊಂಡು ಬಂದವರು ನೀವೇ ಮೊದಲು. ಕಲಿತದ್ದು ಮರೆತೇಹೋಗಿದೆ" ಎಂದು ನಕ್ಕರು. ಅಪ್ಪ ನಗಲಿಲ್ಲ.

ಮೂರನೆಯ ದಿನ ಸಂಜೆ ಚಿತ್ರದುರ್ಗ ಸೇರಿದೆವು. ನಾನು ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನ ಹೊರಗೆ ಜಟಕಾಗಳ ಸಾಲೇ ನಿಂತಿರುತ್ತಿತ್ತು, ಕುದುರೆ ಲದ್ದಿಯ ವಾಸನೆ ಬಂದರೆ ದುರ್ಗ ಬಂತೆಂದು ಅರ್ಥ. ಈಗ ಅಲ್ಲೆಲ್ಲ ಆಟೋಗಳು. ಕೇಳಿಕೊಂಡು ಹೋದ ಮೇಲೆ ಕೋಟೆಯ ಹಾದಿಯ ಒಂದು ಬೇವಿನ ಮರದ ಕೆಳಗೆ ಒಂದು ಜಟಕಾ ಸಿಕ್ಕಿತು. ಜಟಕಾ ಹೊಡೆಯುವ ವಯಸ್ಸಾದ ಸಾಬರೊಬ್ಬರು ಗಾಲಿಗೆ ಎಣ್ಣೆ ಬಿಡುತ್ತಿದ್ದರು. ಅವರ ಕುದುರೆ ಗಂಡೇ. ಅಪ್ಪನ ಮುಖ ಅರಳಿತು.

"ಇದು ಖಸ್ಸಿ ಮಾಡಿಸಿದ್ದು ಭಾಯ್" ಎಂದರು ಅವರು. "ಪೇಟೆಯಾಗೆ ಬೀಜ ಇರೋ ಕುದುರೆ ಯಾರು ಇಟ್ಕತಾರೆ? ಹೆಣ್ಣು ಕಂಡ್ರೆ ಸವಾರೀನ ಚರಂಡಿಗೆ ಹಾಕ್ತೈತೆ. ನಾವೆಲ್ಲ ಬೀಜ ಒಡೆಸಿಬಿಟ್ವಿ. ಮರಿ ಬೇಕಾದ್ರೆ ಹಳ್ಳಿಯವ್ರ ಹತ್ರ ತಗಂಡ್ರಾತು ಅಂತಿದ್ವಿ. ಹಳ್ಳಿಯವ್ರು ನಮ್ ಹತ್ರ ಬರ್ತಿದೀರಿ."

ಅಪ್ಪ ಕೆಂಪು ಗಂಡುಗುದುರೆಯ ಮನುಷ್ಯನ ವಿಷಯ ಕೇಳಿದ. ಜಟಕಾದವರಿಗೆ ಅವನು ಗೊತ್ತಿದ್ದ.

"ಅಯ್ಯೋ, ಅವ್ನು ಎರಡು ವರ್ಷದ ಕೆಳಗೆ ಹೊಸದುರ್ಗದ ಕಡೆ ಪೂರಾ ತಿರುಗಿ ಇಲ್ಲಿಗೆ ಬಂದಿದ್ದ. ಯಾವ ಮನೇಲೂ ಕುದುರೆ ಇಲ್ಲ, ಇದ್ದ ಒಂದು ಮನೆಯವ್ರೂ ಬ್ಯಾಡ ಅಂದ್ರು, ಇನ್ನು ಸಾಕು ಅಂದ. ಹಿರಿಯೂರಾಗೆ ಮದುವೆ ಮೆರವಣಿಗೆಯವ್ನಿಗೆ ಕೊಟ್ಟುಬಿಟ್ಟ."

ಅಪ್ಪ ನನ್ನ ಕಡೆ ನೋಡಲಿಲ್ಲ. ಅವನ ಗಮನವೆಲ್ಲ ಹಿರಿಯೂರು ಎಂಬ ಮಾತಿನ ಮೇಲಿತ್ತು. "ಕುದ್ರೆ ಬದುಕೈತೆ ಅಂದಂಗಾತು" ಎಂದು ಹಗ್ಗ ಎತ್ತಿಕೊಂಡ.

ಮರುದಿನ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದೆವು. ಲಾರಿ ಹಾದುಹೋದಾಗಲೆಲ್ಲ ಕುದುರೆ ಬೆದರಿ ಅಡ್ಡ ಸರಿಯುತ್ತಿತ್ತು. ಅಪ್ಪ ಅದರ ಕಣ್ಣಿಗೆ ತನ್ನ ಟವಲು ಅಡ್ಡ ಹಿಡಿಯುತ್ತಿದ್ದ. "ಯಾವ ಮನೆಯವ್ರು ಬ್ಯಾಡ ಅಂದ್ರೋ? ನಮ್ ಕಡೆ ಕುದ್ರೆ ಇದ್ದದ್ದು ನಮ್ಮನೇಲಿ ಒಂದೇ" ಎಂದು ತನಗೆ ತಾನೇ ಎಂಬಂತೆ ಅಂದ. ಇನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಗೆಳತಿಯರು ಬಂದದ್ದು, ಅವರು ನಕ್ಕಿದ್ದು, ನಾನು ಬೇಲಿಯವರೆಗೆ ಓಡಿದ್ದು, ಹೇಳಿದ ಸುಳ್ಳು, ಕೊಟ್ಟ ನೀರು. ಹೇಳುವಾಗ ನನ್ನ ಕಣ್ಣು ರಸ್ತೆಯ ಮೇಲಿತ್ತು.

ಅಪ್ಪ ನಿಂತ. ಕುದುರೆಯೂ ನಿಂತಿತು.

"ಅವತ್ತು ಇದು ಬೆದೆಗೆ ಬಂದಿತ್ತಾ?"

"ಹೂಂ."

ಅವನು ಕುದುರೆಯ ಕೊರಳ ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಗಂಟು ಸರಿಯಾಗಿಯೇ ಇತ್ತು. ಐಮಂಗಲ ಬರುವವರೆಗೆ ತಾನೇ ಹಗ್ಗ ಹಿಡಿದು ಮುಂದೆ ಮುಂದೆ ನಡೆದ. ಅಲ್ಲೊಂದು ಚಹಾ ಅಂಗಡಿಯಲ್ಲಿ ನನಗೆ ಬನ್ನು, ಚಹಾ ಕೊಡಿಸಿದ. ತಾನು ಬರೀ ನೀರು ಕುಡಿದ. "ತಿನ್ನು. ದಾರಿ ಬಾಳ ಐತೆ" ಎಂದ. ನಾನು ಬನ್ನು ಅರ್ಧ ಮುರಿದು ಕುದುರೆಗೆ ಕೊಟ್ಟೆ.

ಐದನೆಯ ದಿನ ಹಿರಿಯೂರಿನಲ್ಲಿ ಮೆರವಣಿಗೆ ಕುದುರೆಯವನ ಮನೆ ಹುಡುಕಿದೆವು. ತಗಡಿನ ಶೆಡ್ಡಿನ ಹೊರಗೆ ಜರಿಯ ಹೊದಿಕೆಗಳನ್ನು ಒಣಹಾಕಿದ್ದರು. ಒಳಗೆ ಅದೇ ಕೆಂಪು ಕುದುರೆ. ಹಣೆಯ ಮೇಲಿನ ಬಿಳಿ ಪಟ್ಟಿ ನನಗೆ ಗುರುತು ಸಿಕ್ಕಿತು. ಮೈ ತುಂಬಿಕೊಂಡು ಕೊಬ್ಬಿತ್ತು. ನಮ್ಮ ಕುದುರೆ ಅದನ್ನು ಕಂಡದ್ದೇ ಕೆನೆಯಿತು, ಬಾಲ ಎತ್ತಿತು, ಹಗ್ಗ ಹಿಡಿದ ನನ್ನನ್ನೇ ಎಳೆದುಕೊಂಡು ಅದರ ಹತ್ತಿರ ಹೋಯಿತು. ಕೆಂಪು ಕುದುರೆ ಒಂದು ಸಲ ಮೂಗು ಚಾಚಿ ಮೂಸಿತು. ಆಮೇಲೆ ತಿರುಗಿ ಹುಲ್ಲಿಗೆ ಬಾಯಿ ಹಾಕಿತು.

ಮನೆಯವನು ಹೊರಗೆ ಬಂದು ನಮ್ಮನ್ನು ನೋಡಿದ. ಅಪ್ಪ ಬಂದ ಕೆಲಸ ಹೇಳಿದ.

"ಆಗ ಬಂದಿದ್ರೆ ಆಗ್ತಿತ್ತು ಯಜಮಾನ್ರೆ. ತಂದ ಹೊಸದರಾಗೆ ಬ್ಯಾಂಡಿನ ಸದ್ದಿಗೆ ಎದ್ದು ನಿಂತುಬಿಡ್ತು. ಮದುಮಗ ಬಿದ್ದು ಕೈ ಮುರ್ಕಂಡ. ಅದ್ಕೇ ಒಡೆಸಿಬಿಟ್ಟೆ. ಈಗ ಮಗು ಇದ್ದಂಗೆ ಐತೆ, ಪಟಾಕಿ ಹೊಡುದ್ರೂ ಅಲ್ಲಾಡಲ್ಲ."

ನಮ್ಮ ಕುದುರೆ ಮತ್ತೆ ಮತ್ತೆ ಕೆನೆಯುತ್ತಿತ್ತು. ಕೆಂಪು ಕುದುರೆ ತಲೆಯೆತ್ತಲಿಲ್ಲ. ಅಪ್ಪ ಅದರ ಬಳಿ ಹೋಗಿ ಹಣೆಯ ಬಿಳಿ ಪಟ್ಟಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತೆ. ಅಪ್ಪನಿಗೆ ನನ್ನ ಅಳು ಕೇಳಿಸಿರಬೇಕು. ಹೊರಗೆ ಬಂದವನು, "ನಡಿ, ನಿಮ್ ಮಾವನ ಊರಿಗೆ ಹೋಗಾಣ" ಎಂದ.

ಧರ್ಮಪುರದಾಚೆಯ ಮಾವನ ಮನೆಗೆ ಬರುವಷ್ಟರಲ್ಲಿ ಬೆದೆ ಇಳಿದಿತ್ತು. ಇಪ್ಪತ್ತು ದಿನ ಕಾದರೆ ಮತ್ತೆ ಬರುತ್ತದೆ, ಅಷ್ಟರಲ್ಲಿ ನೋಡೋಣ ಎಂದು ಅಲ್ಲೇ ಉಳಿದೆವು. ಅಮ್ಮನ ಅಣ್ಣ ಬಿತ್ತನೆಗೆ ಕಳ್ಳೆಕಾಯಿ ಸುಲಿಯುತ್ತ ಕೂತಿದ್ದ. ಅಮ್ಮನ ಕುದುರೆ ಹುಟ್ಟಿದ ಮನೆ ಅದು. ಆದರೆ ಅಲ್ಲೂ ಕುದುರೆ ಇರಲಿಲ್ಲ. ಕುದುರೆ ಮೇಯುತ್ತಿದ್ದ ಬಯಲನ್ನು ಉತ್ತು ಹೊಲ ಮಾಡಿದ್ದರು; ಕಳ್ಳೆಕಾಯಿಗೆಂದು ಹೊಡೆದ ಸಾಲು ಮನೆಯ ಗೋಡೆಯವರೆಗೂ ಬಂದಿತ್ತು. ಮಾವ ನಮ್ಮ ಕುದುರೆಯನ್ನು ನೋಡಿ, "ಮಾ ಚೆಲ್ಲೆಲಿ ಗುರ್ರಂ" ಎಂದ. ನಮ್ಮ ತಂಗಿಯ ಕುದುರೆ. ಅದರ ಕಿವಿಯ ಹಿಂದೆ ಕೆರೆದ. ಅಮ್ಮನೂ ಅಲ್ಲೇ ಕೆರೆಯುತ್ತಿದ್ದಳು.

ಮಾವ ಎಲ್ಲ ಕಡೆ ವಿಚಾರಿಸಿದ. ಮಡಕಶಿರದ ಕಡೆ ಒಂದು ಗಂಡು ಇದೆಯೆಂದು ಯಾರೋ ಹೇಳಿದರು. ಅಪ್ಪ ಬಸ್ಸು ಹತ್ತಿ ಹೋದ, ಎರಡು ದಿನ ಬಿಟ್ಟು ಬಂದ. ಅದು ಹೋದ ಚಳಿಗಾಲದಲ್ಲೇ ಸತ್ತಿತ್ತು. ಕೊನೆಗೆ ಮಾವನೇ ಒಂದು ದಾರಿ ಹೇಳಿದ. ಪಕ್ಕದ ಊರಿನಲ್ಲಿ ಮಣ್ಣು ಹೊರುವವರ ಹತ್ತಿರ ದೊಡ್ಡ ಗಂಡುಗತ್ತೆ ಇದೆ, ಅದನ್ನೇ ತೋರಿಸೋಣ, ಹೇಸರಗತ್ತೆಯಾದರೂ ಹುಟ್ಟುತ್ತದೆ.

"ಆಗ್ಲಿ ಅಪ್ಪ" ಎಂದೆ ನಾನು. "ಮರಿ ಅಂತ ಒಂದಾದ್ರೂ ಆಗ್ಲಿ. ಇದ್ರ ಹಿಂದೆ ಓಡಾಡ್ಕಂಡು ಇರ್ತೈತೆ."

ಅಪ್ಪ ತಲೆಯಾಡಿಸಿದ. "ಹೇಸರಗತ್ತೆಗೆ ಮರಿ ಆಗಾಕಿಲ್ಲವ್ವ. ಅಲ್ಲಿಗೆ ಮುಗೀತು. ಅದ್ಕಿಂತ ಇದು ಇದ್ದಂಗೇ ಇರ್ಲಿ."

ಆ ದಿನ ಸಂಜೆ ಕಳ್ಳೆಕಾಯಿ ಸಿಪ್ಪೆಯ ರಾಶಿಯ ಪಕ್ಕ ಕೂತಿದ್ದಾಗ ಅಪ್ಪ ತಾನಾಗಿಯೇ ಮಾತು ತೆಗೆದ.

"ನಿಮ್ಮವ್ವನ ಕುದ್ರೆ ಇದಕ್ಕಿಂತ ಮುಂಚೆ ಎರಡು ಗಂಡುಮರಿ ಹಾಕಿತ್ತು. ನಿಂಗೆ ನೆಪ್ಪಿಲ್ಲ. ನಿಮ್ಮವ್ವ ಒಂದನ್ನ ಹಂಗೇ ಬಿಡು ಅಂದ್ಲು. ಹಿಡಿಯೋದು ಕಷ್ಟ ಅಂತ ಎರಡನ್ನೂ ನಾನೇ ಒಡೆಸಿ ಬೇರೆಯವ್ರಿಗೆ ಕೊಟ್ಟೆ. ಒಂದನ್ನ ಬಿಟ್ಟಿದ್ರೆ ನಾವು ಹಿಂಗೆ ಊರೂರು ತಿರುಗ್ತಿರಲಿಲ್ಲ." ಕೈಯಲ್ಲಿದ್ದ ಕಳ್ಳೆಕಾಯಿ ಸುಲಿದು ಅಂದ: "ನೀನೊಬ್ಳೇ ಅಲ್ಲ, ತಿಳ್ಕಾ."

ನನ್ನ ಭಾರ ಕಡಿಮೆ ಮಾಡಲು ಅಪ್ಪ ಅದನ್ನು ಹೇಳಿದ ಎಂದು ಗೊತ್ತು. ಆದರೆ ಹೇಳುವಾಗ ಅವನ ದನಿ ಒಡೆದಿತ್ತು, ಆದ್ದರಿಂದ ಅದು ನಿಜವೂ ಆಗಿತ್ತು.

ಬೆದೆ ಮತ್ತೆ ಬಂತು, ಹೋಯಿತು. ನಮ್ಮನ್ನು ಕರೆದೊಯ್ಯಲು ಅಣ್ಣ ಟೆಂಪೋ ತಂದ. ಕುದುರೆಯನ್ನು ಹಲಗೆಯ ಮೇಲೆ ಹತ್ತಿಸಲು ಮೂವರೂ ನೂಕಬೇಕಾಯಿತು. ಹಿಂದೆ ಅದರ ಪಕ್ಕ ಅಪ್ಪ, ನಾನು ನಿಂತೆವು. ಗಾಡಿ ಹೊರಟಾಗ ಅದರ ಮೈಯೆಲ್ಲ ನಡುಗುತ್ತಿತ್ತು. ನಾವು ದಿನಗಟ್ಟಲೆ ನಡೆದು ಬಂದ ದಾರಿ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. "ನೋಡಪ್ಪ, ಎಷ್ಟು ಬೇಗ ಬಂದ್ವಿ" ಎಂದ ಅಣ್ಣ, ಒಳ್ಳೆಯ ಮನಸ್ಸಿನಿಂದಲೇ. ಅವನಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ಅಪ್ಪ ಅವನಿಗೆ ಎಂದೂ ಹೇಳಲಿಲ್ಲ.

ನನಗೆ ಹಿರಿಯೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಅಪ್ಪ ಒಂದೆರಡು ವರ್ಷ ಇನ್ನೂ ಕೇಳುತ್ತಿದ್ದ, ಬಸ್ಸಿನಲ್ಲಿ ಪಕ್ಕ ಕೂತವರನ್ನು, ಸಂತೆಯಲ್ಲಿ ಸಿಕ್ಕ ಹಳೆಯ ಕುರಿಯವರನ್ನು. ಆಮೇಲೆ ಕೇಳುವುದು ನಿಂತಿತು. ಕುದುರೆಗೂ ವಯಸ್ಸಾಗುತ್ತ ಬಂತು. ಮಳೆಗಾಲದಲ್ಲಿ ಬೆದೆಗೆ ಬಂದಾಗ ಬೇಲಿಯ ಬದಿಗೆ ಹೋಗಿ ನಿಲ್ಲುತ್ತಿತ್ತು, ಅಷ್ಟೇ. ಕೆನೆಯುತ್ತಿರಲಿಲ್ಲ.

ಒಂದು ಭಾನುವಾರ ನಾನು ಊರಿನಲ್ಲಿದ್ದಾಗ ಜಾನುವಾರು ಗಣತಿಯವರು ಬಂದರು. ನಡುವಯಸ್ಸಿನ, ತಾಳ್ಮೆಯ ಮನುಷ್ಯ. ಜಗಲಿಯ ಮೇಲೆ ಕೂತು ಕುರಿ, ಮೇಕೆ, ದನ, ಎಮ್ಮೆ, ನಾಯಿ, ಕೋಳಿ ಎಲ್ಲ ಬರೆದುಕೊಂಡರು. ಪುಸ್ತಕ ಮುಚ್ಚುವಾಗ ಹಿತ್ತಿಲ ಕಡೆ ಕಣ್ಣು ಹೋಯಿತು.

"ಅರೆ, ಕುದುರೆ ಇದೆಯಲ್ರೀ!" ಎಂದು ಹಾಳೆ ತಿರುಗಿಸಿ ಆ ಕಾಲಮ್ಮು ಹುಡುಕಿದರು. ಹುಡುಕಲು ಹೊತ್ತೇ ಹಿಡಿಯಿತು. "ಈ ಕಾಲಮ್ಮಿನಲ್ಲಿ ಪೆನ್ನೇ ಇಟ್ಟಿರಲಿಲ್ಲ ನೋಡ್ರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಣತಿಗೆ ಬಂದಿದ್ದೆ, ಆಗ ಈ ಕಡೆ ಅಲ್ಲೊಂದು ಇಲ್ಲೊಂದು ಇದ್ವು. ಹೆಣ್ಣೋ ಗಂಡೋ?"

"ಹೆಣ್ಣು" ಎಂದ ಅಪ್ಪ. ಆಮೇಲೆ ಜಗಲಿಯ ತುದಿಗೆ ಸರಿದು ಬಂದು, ಅವರ ಪುಸ್ತಕದೊಳಗೆ ಬಗ್ಗಿ ನೋಡುತ್ತ ಕೇಳಿದ: "ಅದ್ರಾಗೆ ಎಲ್ಲಾದ್ರೂ ಒಂದು ಗಂಡು ಬರ್ಕಂಡಿದೀರೇನ್ರಿ?"

ಆ ಮನುಷ್ಯನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇಲ್ಲವೆಂದು ಸುಮ್ಮನೆ ಹೇಳಿಬಿಡಬಹುದಿತ್ತು. ಆದರೆ ಅವರು ಪುಸ್ತಕವನ್ನು ಮೊದಲಿನಿಂದ ಒಂದೊಂದೇ ಹಾಳೆ ತಿರುಗಿಸಿ, ಆ ಕಾಲಮ್ಮಿನ ಮೇಲೆ ಬೆರಳಾಡಿಸುತ್ತ ಹೋದರು. ಅಪ್ಪ ಓದಲು ಬಾರದಿದ್ದರೂ ಅವರ ಬೆರಳನ್ನೇ ನೋಡುತ್ತಿದ್ದ. ಕೊನೆಯ ಹಾಳೆಯಾದ ಮೇಲೆ, "ಇಲ್ಲ ಯಜಮಾನ್ರೆ" ಎಂದರು.

"ಇರ್ಲಿ ಬಿಡ್ರಿ. ಕೇಳ್ದೆ ಅಷ್ಟೇ" ಎಂದು ಅಪ್ಪ ಎದ್ದು ಕುದುರೆಗೆ ನೀರಿಡಲು ಹೋದ.

ಅದಾಗಿ ಎರಡು ವರ್ಷಕ್ಕೆ ಕುದುರೆಗೆ ಹೊಟ್ಟೆನೋವು ಬಂತು. ಬೆಳಿಗ್ಗೆ ಶುರುವಾಯಿತಂತೆ. ಅಣ್ಣ ಶಾಲೆಗೆ ಫೋನು ಮಾಡಿದ. ನಾನು ಹೊಸದುರ್ಗಕ್ಕೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಬಂದು ಇಳಿದಾಗ ಮಧ್ಯಾಹ್ನ. ಕುದುರೆ ಮಲಗಿತ್ತು. ಏಳುತ್ತಿತ್ತು, ಹೊಟ್ಟೆಯ ಕಡೆ ತಿರುಗಿ ನೋಡಿಕೊಳ್ಳುತ್ತಿತ್ತು, ಮತ್ತೆ ಬೀಳುತ್ತಿತ್ತು. ದನದ ಡಾಕ್ಟರು ಬಂದು ಸೂಜಿ ಕೊಟ್ಟು ಹೋಗಿದ್ದರು. ಅಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಕಿವಿಯ ಹಿಂದೆ ಕೆರೆದೆ. ಅದು ಒಂದು ಸಲ ನನ್ನ ಅಂಗೈಗೆ ಮೂತಿ ಒತ್ತಿತು. ಬಿಸಿಯುಸಿರು. ಸಂಜೆ ಕುರಿಗಳು ಮನೆಗೆ ಬರುವ ಹೊತ್ತಿಗೆ ಉಸಿರು ನಿಂತಿತು. ಅಪ್ಪ ಬಹಳ ಹೊತ್ತು ಕಾಲು ಅಲ್ಲಾಡಿಸಲಿಲ್ಲ. ಅಣ್ಣ ಟ್ರ್ಯಾಕ್ಟರು ತಂದು ಹೊಲದ ಬದುವಿನಲ್ಲಿ ಗುಂಡಿ ತೆಗೆಸಿದ. ಮುಚ್ಚಿದ ಮೇಲೆ ಅಪ್ಪ ನನ್ನನ್ನು ಕೇಳಿದ, "ನಾಳೆ ಶಾಲೆಗೆ ರಜ ಹಾಕಿದೀಯೇನು?"

"ಇಲ್ಲ."

"ಹಂಗಾರೆ ಮೊದಲ್ನೇ ಬಸ್ಸಿಗೆ ಹೋಗು. ಮಕ್ಕಳು ಕಾಯ್ತಾವೆ."

ಆ ಚಳಿಗಾಲ ಮುಗಿದು ಮಂದೆ ಹೊರಡುವ ದಿನ ಬಂತು. ಸಾಮಾನೆಲ್ಲ ಟೆಂಪೋಗೆ ಏರಿತ್ತು. ಅಣ್ಣ ಕರೆದ. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟವನು ಊರ ಮುಂದಿನ ಹಳ್ಳದವರೆಗೆ ಹೋಗಿ ವಾಪಸು ಬಂದ. ಕಾಲು ನೋವೇ ಎಂದು ಕೇಳಿದೆ. ಅಲ್ಲ ಎಂದ. ಜಗಲಿಯ ಮೇಲೆ ಕೂತು ತನ್ನ ಬಲಗೈಯನ್ನು ತೆರೆದು, ಮಡಚಿ, ಮತ್ತೆ ತೆರೆದ.

"ಕೈಯಾಗೆ ಹಗ್ಗ ಇಲ್ದೆ ಎಷ್ಟು ಜೋರು ನಡೀಬೇಕು ಅಂತಾನೇ ಗೊತ್ತಾಗವಲ್ದು" ಎಂದ. "ಒಂದ್ಸಲ ಕುರೀಗಿಂತ ಮುಂದೆ ಹೋಗ್ಬಿಡ್ತೀನಿ, ಒಂದ್ಸಲ ಹಿಂದೆ ಉಳೀತೀನಿ. ನೀವು ಹೋಗ್ರಿ."

ಆಮೇಲೆ ಅವನು ಮಂದೆಯ ಜೊತೆ ಹೋಗಲಿಲ್ಲ.